ಹುಂಡಿಗೆ ಬಿದ್ದ ಐನೂರು

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಐನೂರರ ನೋಟು ಬಿದ್ದಿತ್ತು. ಬೀದಿಯಲ್ಲಿ ಸಿಕ್ಕ ದುಡ್ಡು ಮನೆಗೆ ತರಬಾರದೆಂದು ಅಮ್ಮ ಹೇಳುತ್ತಿದ್ದುದು ನೆನಪಾಗಿ, ಪಕ್ಕದ ಆಂಜನೇಯನ ಗುಡಿಯ ಹುಂಡಿಗೆ ಹಾಕಿದೆ. ಯಾರದೆಂದು ಒಬ್ಬರನ್ನೂ ಕೇಳಲಿಲ್ಲ. ಕೈಮುಗಿದು ತಿರುಗಿದರೆ, ಸೊಪ್ಪು ಮಾರುವ ಅಜ್ಜಿಯೊಬ್ಬರು ಖಾಲಿ ಬುಟ್ಟಿ ಹಿಡಿದು ನೆಲವನ್ನೇ ನೋಡುತ್ತಾ ಬರುತ್ತಿದ್ದರು.

“ಐನೂರ್ ರೂಪಾಯಿ ಏನಾನ ಸಿಕ್ತೇನಪ್ಪಾ?”

ಹುಂಡಿಗೆ ಬೀಗ ಹಾಕಿತ್ತು. ನಾಚಿಕೆಯಾಗಿ ನನ್ನ ಜೇಬಿನ ಐನೂರು ತೆಗೆದು, “ಇಲ್ಲೇ ಬಿದ್ದಿತ್ತಜ್ಜಿ” ಎಂದು ಕೊಟ್ಟೆ.

ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡರು. ಎಲೆಯಡಿಕೆ ಸಂಚಿಯಿಂದ ಹತ್ತು ರೂಪಾಯಿ ತೆಗೆದು ಅದೇ ಹುಂಡಿಗೆ ಹಾಕಿ, “ನಮ್ಮಪ್ಪಾ, ನೀನೇ ಉಡ್ಕಿ ಕೊಟ್ಟೆ” ಎಂದು ಆಂಜನೇಯನಿಗೆ ಅಡ್ಡಬಿದ್ದರು. ನನ್ನತ್ತ ತಿರುಗಿಯೂ ನೋಡಲಿಲ್ಲ.

ಯಾರದೋ ದುಡ್ಡಿನಲ್ಲಿ ಪುಣ್ಯ ಕಟ್ಟಿಕೊಳ್ಳಲು ಹೋಗಿದ್ದೆ. ಹೋದದ್ದು ನನ್ನ ಐನೂರು, ಹೆಸರು ಬಂದದ್ದು ಆಂಜನೇಯನಿಗೆ.