ಕಪ್ಪು ಕೇಬಲ್ಲಿನ ಗಂಟು

೧೯೯೭ರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಬಡತನ ಬಿಡಿಸಲಿಲ್ಲ, ಅಪ್ಪನೂ ಬಿಡಿಸಲಿಲ್ಲ. ಲೆಕ್ಕದ ಮೇಷ್ಟ್ರು ಇಡೀ ತರಗತಿಯ ಮುಂದೆ, "ನೀನು ಸ್ಕ್ರೂ ತಿರುಗಿಸೋಕೇ ಲಾಯಕ್ಕು ಕಣೋ" ಎಂದರು. ಮರುದಿನದಿಂದ ನಾನು ಹೋಗಲಿಲ್ಲ. ದಿಲ್ಲಿಯ ಲೋಧಿ ಕಾಲೋನಿಯಲ್ಲಿ ಸೋದರಮಾವ ಸರ್ಕಾರಿ ಗುಮಾಸ್ತರಾಗಿದ್ದರು. ಸುದ್ದಿ ಕೇಳಿ, "ಕಳಿಸಿಕೊಡಿ, ಈ ಊರಲ್ಲಿ ತಿರುಗಿಸೋಕೆ ಬೇಕಾದಷ್ಟು ಸ್ಕ್ರೂ ಇದೆ" ಎಂದು ಕಾಗದ ಬರೆದರು.

ಮಾವನ ಕ್ವಾರ್ಟರ್ಸಿಗೆ ಕೂಲರ್ ರಿಪೇರಿಗೆಂದು ಒಬ್ಬರು ಬರುತ್ತಿದ್ದರು, ನಮ್ಮ ಕಡೆಯವರೇ. ನಾನು ಅವರನ್ನು ಅಣ್ಣ ಎಂದು ಕರೆದೆ, ಕೊನೆಯವರೆಗೂ ಹಾಗೆಯೇ ಕರೆದೆ. ದಿಲ್ಲಿಯವರು ಅವರನ್ನು 'ಮದ್ರಾಸಿ ಉಸ್ತಾದ್' ಎನ್ನುತ್ತಿದ್ದರು. "ಮದ್ರಾಸನ್ನ ನಾನು ಭೂಪಟದಲ್ಲಿ ಬಿಟ್ಟು ಎಲ್ಲೂ ನೋಡಿಲ್ಲ ಭಯ್ಯಾ" ಎಂದು ಅವರು ನಗುತ್ತಿದ್ದರು. ಟೆಸ್ಟರ್ ಹಿಡಿಯುವುದನ್ನು, ತಂತಿಯ ಸಿಪ್ಪೆ ಸುಲಿಯುವುದನ್ನು, ಏಣಿಯ ಮೇಲೆ ಊಟದ ಹೊತ್ತಿನವರೆಗೂ ನಿಲ್ಲುವುದನ್ನು ನನಗೆ ಕಲಿಸಿದವರು ಅವರು. ಕೂಲರಿನಿಂದ ಕಿಟಕಿ ಎ.ಸಿ., ಅಲ್ಲಿಂದ ಸ್ಪ್ಲಿಟ್ ಎ.ಸಿ., ಆಮೇಲೆ ಒಂದು ಕಂಪನಿ ಸೇರಿ ದೊಡ್ಡ ಕಟ್ಟಡಗಳ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲೆ ಇಬ್ಬರೂ ಜೊತೆಗೆ ಹತ್ತಿದೆವು.

ದೊಡ್ಡ ಕಟ್ಟಡದ ಎ.ಸಿ. ಹೀಗಿರುತ್ತದೆ. ತಾರಸಿಯ ಮೇಲೆ ಒಂದು ದೊಡ್ಡ ಯಂತ್ರ, ಕೆಳಗೆ ಕೋಣೆಕೋಣೆಗೂ ಒಂದೊಂದು ಚಿಕ್ಕದು. ಚಿಕ್ಕದಕ್ಕೆಲ್ಲ ಕರೆಂಟು ಬೇರೆ ಬರುತ್ತದೆ. ಆದರೆ ಯಾವ ಕೋಣೆಗೆ ಎಷ್ಟು ತಂಪು ಬೇಕೆಂಬ ಮಾತು ಒಂದು ಸಣ್ಣ ಎರಡೆಳೆ ಕೇಬಲ್ಲಿನಲ್ಲಿ ಓಡಾಡುತ್ತದೆ. ಅದೇ ಕಂಟ್ರೋಲ್ ಕೇಬಲ್. ತಾರಸಿಯಿಂದ ಮೊದಲ ಕೋಣೆಗೆ, ಮೊದಲನೆಯದರಿಂದ ಎರಡನೆಯದಕ್ಕೆ, ಹೀಗೆ ಸಾಲಾಗಿ ಹೋಗಬೇಕು. ಅದು ಸೇರುವ ಜಾಗಕ್ಕೆ ಅಪ್ಪಿತಪ್ಪಿ ಕರೆಂಟಿನ ಕೇಬಲ್ ಸೇರಿಸಿದರೆ ಮುಗಿಯಿತು. ಒಂದು ಕಡೆ ಮಾಡಿದ ತಪ್ಪು ಸಾಲಿಡೀ ಓಡಿ ಎಲ್ಲ ಯಂತ್ರಗಳ ಬೋರ್ಡನ್ನೂ ಸುಡುತ್ತದೆ.

ಅಣ್ಣನಿಗೆ ಐವತ್ತು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಹತ್ತಿರದ್ದೆಲ್ಲ ಮಂಜು. ಇದು ನನಗೊಬ್ಬನಿಗೇ ಗೊತ್ತಿತ್ತು. ಕಂಪನಿಗೆ ತಿಳಿದರೆ ಅವರನ್ನು ಅವತ್ತೇ ಏಣಿಯಿಂದ ಇಳಿಸುತ್ತಿದ್ದರು. ಯಾವ ಕೇಬಲ್ ಯಾವುದೆಂದು ತಿಳಿಯಲು ತುದಿಗೆ ಸುತ್ತುವ ಕಪ್ಪು ಕೆಂಪು ಟೇಪು ಅವರಿಗೆ ಗುರುತು ಸಿಗುವುದಿಲ್ಲವೆಂದು ನಾವಿಬ್ಬರೂ ನಮ್ಮದೇ ಒಂದು ಪದ್ಧತಿ ಮಾಡಿಕೊಂಡೆವು. ಕೇಬಲ್ ಎಳೆಯುವವನು ನಾನು. ಕಂಟ್ರೋಲ್ ಕೇಬಲ್ಲಿನ ತುದಿಗೆ ಒಂದು ಗಂಟು ಹಾಕಿ ಬಿಡುತ್ತಿದ್ದೆ. ಜೋಡಿಸುವವರು ಅವರು, ಬೆರಳಿಂದ ತಡವಿ, ಗಂಟು ಸಿಕ್ಕಿದ್ದನ್ನು ಕಂಟ್ರೋಲಿನ ಜಾಗಕ್ಕೆ, ಗಂಟಿಲ್ಲದ್ದನ್ನು ಕರೆಂಟಿನ ಜಾಗಕ್ಕೆ ಹಾಕುತ್ತಿದ್ದರು. ಗಂಟನ್ನು ಕತ್ತರಿಸಿ ಕೆಳಗೆ ಬೀಳಿಸುತ್ತಿದ್ದರು. ಮೂರು ವರ್ಷ ಹೀಗೆ ನಡೆಯಿತು. ಒಂದು ಜೋಡಣೆಯೂ ಕೆಡಲಿಲ್ಲ. ಅವರ ಜೋಡಣೆ ಕಣ್ಣಿದ್ದವರದಕ್ಕಿಂತ ಚೆನ್ನಾಗಿರುತ್ತಿತ್ತು.

ಆರು ವರ್ಷದ ಹಿಂದಿನ ಮೇ ತಿಂಗಳು. ದಿಲ್ಲಿ ಪಕ್ಕದ ಇಂದಿರಾಪುರಂನಲ್ಲಿ ಒಂದು ಆಫೀಸು ಕಟ್ಟಡ, ನಾಲ್ಕನೇ ಮಹಡಿ, ಒಂದೇ ಸಾಲಿನಲ್ಲಿ ಹದಿನಾಲ್ಕು ಯಂತ್ರ. ಸೀಲಿಂಗಿನ ಒಳಗೆ ಕೈ ಹಾಕಿದರೆ ತಂದೂರಿಗೆ ಹಾಕಿದ ಹಾಗೆ. ಕೊನೆಯ ಐದು ಕೋಣೆ ಉಳಿದಾಗ ಬೂದು ಬಣ್ಣದ ಕಂಟ್ರೋಲ್ ಕೇಬಲ್ ಮುಗಿಯಿತು. ಸೂಪರ್‌ವೈಸರ್ ಕೆಳಗಿನಿಂದ ಕಪ್ಪು ಕೇಬಲ್ಲಿನ ಒಂದು ಸುರುಳಿ ಕಳಿಸಿ, "ಚಲೋ ಉಸ್ತಾದ್, ಇದನ್ನೇ ಎಳೀರಿ, ಸಂಜೆಗೆ ಸಾಹೇಬರು ನೋಡೋಕೆ ಬರ್ತಾರೆ" ಎಂದ. ಕರೆಂಟಿನ ಕೇಬಲ್ಲೂ ಕಪ್ಪು. ತಂತಿಯ ದಪ್ಪ ಇದರದು ಒಂದೂವರೆ ಎಂ.ಎಂ., ಅದರದು ಎರಡೂವರೆ. ಮೈಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಅಂಕಿ ಬಿಟ್ಟರೆ ನೋಡಲು ಎರಡೂ ಅಣ್ಣತಮ್ಮಂದಿರು. ಬೇಡ ಎನ್ನಬೇಕಿತ್ತು. ನನಗೆ ಆಗುವುದಿಲ್ಲ ಎಂದು ಹೇಳುವ ಅಭ್ಯಾಸ ಇರಲಿಲ್ಲ.

ಹನ್ನೆರಡನೇ ಕೋಣೆಯಲ್ಲಿ ಮೂರು ಕಪ್ಪು ತುದಿಗಳು ಇಳಿಬಿದ್ದಿದ್ದವು: ಹಿಂದಿನ ಕೋಣೆಯಿಂದ ಬಂದದ್ದು, ಮುಂದಿನ ಕೋಣೆಗೆ ಹೋಗುವುದು, ಕರೆಂಟಿನದು. ಮೊದಲೆರಡಕ್ಕೆ ಗಂಟು ಬೀಳಬೇಕು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ನಾನು ಎರಡು ಗಂಟು ಹಾಕಿ ಮುಂದೆ ಹೋದೆ.

ಎಲ್ಲ ಜೋಡಿಸಿ ಆದ ಮೇಲೆ ಅಣ್ಣ, "ಲೋ ತಮ್ಮಾ, ಇವತ್ತು ಎಲ್ಲ ಕರೀದೇ ಇದೆ. ಕರೆಂಟ್ ಕೊಡೋಕೆ ಮುಂಚೆ ಮೀಟರ್ ಹಿಡಿದು ನೋಡಿಬಿಡು" ಎಂದರು.

"ನನ್ನ ಗಂಟು ಯಾವತ್ತಾದ್ರೂ ತಪ್ಪಿದೆಯಾ ಅಣ್ಣಾ?"

"ತಪ್ಪಿಲ್ಲಪ್ಪ. ರಾಜ ನೀನು. ಹಾಕು."

ಸ್ವಿಚ್ಚನ್ನು ನಾನೇ ಹಾಕಿದೆ. ದೊಡ್ಡ ಸದ್ದೇನೂ ಆಗಲಿಲ್ಲ. ಒಂದು ಕೋಣೆಯಿಂದ ಚಿಟ್ ಎಂದಿತು, ಪಕ್ಕದ್ದರಿಂದ ಚಿಟ್ ಎಂದಿತು. ಆಮೇಲೆ ಆ ವಾಸನೆ ಬಂತು. ಬೋರ್ಡು ಸುಟ್ಟ ವಾಸನೆ ಒಮ್ಮೆ ಮೂಗಿಗೆ ಹತ್ತಿದವನು ಅದನ್ನು ಮರೆಯುವುದಿಲ್ಲ. ತಾರಸಿಯ ದೊಡ್ಡ ಯಂತ್ರದಿಂದ ಹನ್ನೆರಡನೇ ಕೋಣೆಯವರೆಗೆ ಎಲ್ಲವೂ ಹೋಗಿದ್ದವು.

ನಾನು ಹನ್ನೆರಡನೇ ಕೋಣೆಗೆ ಓಡಿದೆ. ಏಣಿಯ ಬುಡದಲ್ಲಿ ಅಣ್ಣ ಕತ್ತರಿಸಿ ಬೀಳಿಸಿದ ಎರಡು ಗಂಟುಗಳು ಬಿದ್ದಿದ್ದವು. ಎತ್ತಿಕೊಂಡೆ. ಒಂದು ತೆಳ್ಳಗೆ, ಒಂದು ದಪ್ಪ. ದಪ್ಪದ ಮೈಮೇಲಿನ ಅಂಕಿ ಓದಿದೆ. ಮುಂದಿನ ಕೋಣೆಗೆ ಹೋಗುವ ಕೇಬಲ್ಲಿಗೆ ಹಾಕಬೇಕಾದ ಗಂಟನ್ನು ನಾನು ಕರೆಂಟಿನ ಕೇಬಲ್ಲಿಗೆ ಹಾಕಿದ್ದೆ. ಬಾಗಿಲ ಹೊರಗೆ ಹೆಜ್ಜೆ ಸದ್ದು ಕೇಳಿಸಿತು. ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಇಂಜಿನಿಯರ್ ಸಾಹೇಬರು ಏಣಿ ಹತ್ತಿ, ನೋಡಿ, ಇಳಿದರು. "ಯೇ ಕಿಸ್ನೇ ಜೋಡಾ?" ಎಂದರು. ಯಾರು ಜೋಡಿಸಿದ್ದು? ಅಷ್ಟೇ ಕೇಳಿದರು. ಗಂಟು ಹಾಕಿದ್ದು ಯಾರೆಂದು ಅವರು ಕೇಳಲಿಲ್ಲ; ಗಂಟಿನ ವಿಷಯವೇ ಅವರಿಗೆ ಗೊತ್ತಿರಲಿಲ್ಲ. ಆ ಕಂಪನಿಯಲ್ಲಿ ನಾನು ಮಾಡಿದ ಕೆಲಸವನ್ನು ಸರಿಪಡಿಸಲು ಎರಡನೇ ಸಲ ಹೋಗಬೇಕಾಗಿ ಬಂದದ್ದೇ ಇಲ್ಲ ಎಂಬ ಹೆಸರಿತ್ತು. ಶಾಲೆ ಬಿಟ್ಟವನಿಗೆ ಇದ್ದದ್ದು ಆ ಹೆಸರೊಂದೇ.

"ಜೋಡಿಸಿದ್ದು ಅಣ್ಣ" ಎಂದೆ.

ಸಾಹೇಬರು ಸುಟ್ಟ ಬೋರ್ಡೊಂದನ್ನು ಅಣ್ಣನ ಮುಖದ ಹತ್ತಿರ ಹಿಡಿದು, ಅದರ ಮೇಲಿನ ನಂಬರು ಓದಲು ಹೇಳಿದರು. ಅಣ್ಣ ಅದನ್ನು ದೂರ ಹಿಡಿದರು, ಹತ್ತಿರ ತಂದರು, ಬೆಳಕಿಗೆ ತಿರುಗಿಸಿದರು. ಆಮೇಲೆ ಬೋರ್ಡನ್ನು ವಾಪಸು ಕೊಟ್ಟು, "ಸಾಬ್, ಕಾಣಲ್ಲ" ಎಂದರು. ಯಾರೋ ಹಿಂದಿನಿಂದ, "ಅಂಧಾ ಉಸ್ತಾದ್!" ಎಂದು ನಕ್ಕರು. ನಾನು ನೆಲ ನೋಡುತ್ತಿದ್ದೆ. ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಅವರ ಟೂಲ್ ಬ್ಯಾಗನ್ನು ಮೆಟ್ರೋ ಸ್ಟೇಷನ್ನಿನವರೆಗೆ ಹೊತ್ತುಕೊಂಡು ಹೋದವನೂ ನಾನೇ. ದಾರಿಯಲ್ಲಿ ಅವರು ನನಗೇ ಸಮಾಧಾನ ಹೇಳಿದರು. "ನಿಂದೇನಿದೆ ತಮ್ಮಾ. ನಿಜ ಹೇಳಿದೆ. ನನ್ನ ಕಣ್ಣು ಮೋಸ ಮಾಡ್ತು."

ಅವರ ಜಾಗಕ್ಕೆ ನನ್ನನ್ನು ಹಾಕಿದರು. ನಾನು ಬೇಡ ಎನ್ನಲಿಲ್ಲ.

ಮೊದಲ ವರ್ಷ ಫೋನ್ ಮಾಡುತ್ತಿದ್ದೆ. "ಇವತ್ತು ಎಲ್ಲಿ ಕೆಲಸ? ಎಷ್ಟು ಯಂತ್ರ?" ಎಂದು ಆಸೆಯಿಂದ ಕೇಳುತ್ತಿದ್ದರು. ಆ ಆಸೆ ಕೇಳಲಾಗದೆ ಫೋನ್ ಮಾಡುವುದನ್ನೇ ಬಿಟ್ಟೆ.

ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಕೆಲಸದ ನಡುವೆ ಕೇಬಲ್ಲಿನ ಮೈಮೇಲಿನ ಅಂಕಿ ನನಗೆ ಕಾಣಲಿಲ್ಲ. ಕೇಬಲ್ಲನ್ನು ದೂರ ಹಿಡಿದೆ, ಹತ್ತಿರ ತಂದೆ, ಬೆಳಕಿಗೆ ತಿರುಗಿಸಿದೆ. ಅಂದೇ ಮಧ್ಯಾಹ್ನ ರಜೆ ಹಾಕಿ, ಮನೆಯ ಡಬ್ಬಿಯಲ್ಲಿದ್ದ ಆ ಗಂಟನ್ನು ಜೇಬಿಗೆ ಹಾಕಿಕೊಂಡು ಅಣ್ಣನನ್ನು ಹುಡುಕಿಕೊಂಡು ಹೊರಟೆ.

ಅವರು ಓಲ್ಡ್ ರಾಜಿಂದರ್ ನಗರದಲ್ಲಿದ್ದರು. ಐ.ಎ.ಎಸ್. ಓದುವ ಹುಡುಗ ಹುಡುಗಿಯರ ಬಾಡಿಗೆ ಕೋಣೆಗಳ ಕಟ್ಟಡ. ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಪಾರ್ಸೆಲ್ ಇಸಿದುಕೊಳ್ಳುವ ಕೆಲಸ. ನಮ್ಮ ಕಡೆಯ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ಪೊಟ್ಟಣಗಳ ಮೇಲಿನ ಹೆಸರು ಓದಿ ಹೇಳುತ್ತಿದ್ದಳು. "ಅಂಕಲ್, ಇದು ಮೂರನೇ ಮಹಡಿದು, ಇದು ನಂದೇ" ಎಂದು ತನ್ನದನ್ನು ಎತ್ತಿಕೊಂಡು ಮೇಲೆ ಹೋದಳು.

"ಅಣ್ಣಾ" ಎಂದೆ.

"ಬಂದ್ಯಾ" ಎಂದರು. ಧ್ವನಿಗೇ ಗುರುತು ಹಿಡಿದರು.

ನಾನು ಜೇಬಿಗೆ ಕೈ ಹಾಕಿದೆ. ಗಂಟನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಅವರು ಹೆಬ್ಬೆರಳಿಂದ ಅದನ್ನು ಒಂದು ಸಲ ಸುತ್ತಿದರು.

"ಎರಡೂವರೆ" ಎಂದರು.

ಗಂಟನ್ನು ಮುಷ್ಟಿಯಲ್ಲಿ ಹಿಡಿದು, "ಹನ್ನೆರಡನೇ ಕೋಣೆದಾ?" ಎಂದು ಕೇಳಿದರು.

"ಹೌದಣ್ಣಾ."

"ಅವತ್ತೂ ಕೈಗೆ ದಪ್ಪ ಅನ್ನಿಸಿತ್ತು ಕಣೋ. ನೀನು ಕಟ್ಟಿದ ಗಂಟು ಅಂತ ಸುಮ್ಮನಾದೆ."

ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. "ಆರು ವರ್ಷ ನನ್ನ ಕಣ್ಣನ್ನ ಬೈಕೊಂಡೆ" ಎಂದರು. "ಕಣ್ಣಂತೂ ಹೋಗಿತ್ತು, ಸರಿ. ಕೈಯೂ ಹೋಯ್ತು ಅಂದುಕೊಂಡಿದ್ದೆ. ಆಮೇಲೆ ಒಂದು ಫ್ಯಾನ್ ಸ್ವಿಚ್ಚನ್ನೂ ಬಿಚ್ಚಿಲ್ಲ ನಾನು." ಬೈಯಲಿಲ್ಲ. ಅಷ್ಟರಲ್ಲಿ ಪಾರ್ಸೆಲ್ಲಿನ ಹುಡುಗ ಬೈಕ್ ನಿಲ್ಲಿಸಿ, "ಚಾಚಾ, ಓಟಿಪಿ?" ಎಂದ. ಅಣ್ಣ ಅವನ ಕಡೆ ತಿರುಗಿದರು. ನನ್ನ ಕಡೆ ಮತ್ತೆ ತಿರುಗಲಿಲ್ಲ. ಗಂಟನ್ನು ಮಾತ್ರ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

ಮರುದಿನ ಇಂಜಿನಿಯರ್ ಸಾಹೇಬರಿಗೆ ಎಲ್ಲ ಹೇಳಿದೆ. "ಅಚ್ಛಾ, ಅದು ಹಳೇ ಮಾತು, ಬಿಡು" ಎಂದು ಅವರು ಮತ್ತೊಂದು ಫೋನ್ ಎತ್ತಿಕೊಂಡರು. ಯಾರಿಗೂ ಏನೂ ಆಗಲಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ಗಾಜಿಯಾಬಾದಿನಲ್ಲಿ ಎರಡು ಕೋಣೆಯ ಮನೆ. ಹೆಂಡತಿ, ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರ ಕೊಡುವ ಇಬ್ಬರು ಮಕ್ಕಳು. ಒಂದು ಸ್ಕೂಟರು. ನನ್ನ ಕೈಕೆಳಗೆ ಒಂಬತ್ತು ಜನ. ಎರಡು ಮೀಟರು, ಒಂದು ಏಣಿ, ಅಣ್ಣನ ಹಳೆಯ ಕಟ್ಟಿಂಗ್ ಪ್ಲೈಯರು. ಓದಲು ಒಂದು ಕನ್ನಡಕ.