ದೇವರ ಮುಂದಿಟ್ಟ ಅರ್ಜಿ

ಲತಾಶ್ರೀಯ ಕೈಯಲ್ಲಿ ಈಗ ಹಬ್ಬಕ್ಕೂ ಚಿನ್ನದ ಬಳೆಯಿಲ್ಲ. ಯಾರಾದರೂ ಕೇಳಿದರೆ ನಕ್ಕು ಮಾತು ಬದಲಿಸುತ್ತಾಳೆ. ನನಗೆ ಹಾಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ಮಿಷಿಗನ್‌ನ ಕ್ಯಾಂಟನ್ ಊರಿನ ನಮ್ಮ ಬಡಾವಣೆಯಲ್ಲಿ ಅವಳ ಮನೆಯೆದುರೇ ನನ್ನ ಮನೆ, ನಡೆದದ್ದೆಲ್ಲ ಗೊತ್ತು.

ಮೈಸೂರಿನಲ್ಲಿ ಹುಟ್ಟಿ ಮಿಷಿಗನ್‌ನಲ್ಲಿ ಬೆಳೆದವಳು. ಆಸ್ಪತ್ರೆಯಲ್ಲಿ ನರ್ಸ್, ತಿಂಗಳಿಗೊಂದು ವಾರಾಂತ್ಯ ಮೀಸಲು ಸೈನ್ಯದ ಸಮವಸ್ತ್ರ. "ಹೆಣ್ಮಕ್ಳಿಗೆ ಇದೆಲ್ಲ ಯಾಕೆ" ಎಂದು ನಮ್ಮವರೇ ಮೂಗು ಮುರಿದರು. ತಮ್ಮ ಮಗುವಿಗೆ ಜ್ವರ ಬಂದಾಗ ಮಾತ್ರ ಅದೇ ಜನ ಅವಳಿಗೇ ಫೋನ್ ಮಾಡುತ್ತಿದ್ದರು.

ಹೋದ ವರ್ಷ ಅವಳಿಗೆ ಸೈನ್ಯದಿಂದ ಕರೆ ಬಂತು. ಟೆಕ್ಸಾಸ್‌ನ ಸೇನಾ ಆಸ್ಪತ್ರೆಯಲ್ಲಿ ಹತ್ತು ತಿಂಗಳ ಕೆಲಸ. ತಿಂಗಳ ಆದಾಯ ಐನೂರು ಡಾಲರ್ ಇಳಿಯುತ್ತಿತ್ತು. ಮನೆ ಸಾಲದ ಬಡ್ಡಿ ನೋಡಿದರೆ ಏಳೂವರೆ ಪರ್ಸೆಂಟ್. ಹೀಗೆ ಸೇವೆಗೆ ಹೋದವರ ಹಳೆಯ ಸಾಲಕ್ಕೆ ಆರಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದೆಂದು ಇಲ್ಲಿ ಕಾನೂನಿದೆ. ಸೈನ್ಯದ ಆದೇಶದ ಪ್ರತಿ ಜೊತೆಗಿಟ್ಟು ಬ್ಯಾಂಕಿಗೆ ಬರೆದು ಕೇಳಬೇಕು. ಅವಳು ಅರ್ಜಿ ಬರೆದು, ಸ್ಟ್ಯಾಂಪ್ ಅಂಟಿಸಿ, ಗಂಡ ಪ್ರಸನ್ನನ ಕೈಗೆ ಕೊಟ್ಟು ಹೋದಳು.

ಮುಖ್ಯವಾದ ಕಾಗದಕ್ಕೆ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಆಮೇಲೆ ಕಳಿಸುವುದು ನಮ್ಮ ರೂಢಿ. ಪ್ರಸನ್ನ ಕುಂಕುಮ ಹಚ್ಚಿದ, ದೇವರ ಮುಂದಿಟ್ಟ. ಕಳಿಸಲಿಲ್ಲ. ಕಂತಿಗೆ ದುಡ್ಡು ಸಾಲದಾದಾಗ, ತೀರಿಹೋದ ಅವಳಮ್ಮ ಮದುವೆಗೆ ಕೊಟ್ಟಿದ್ದ ನಾಲ್ಕು ಬಳೆ ಮಾರಿದ. ವಿಡಿಯೊ ಕಾಲ್‌ನಲ್ಲಿ "ಬ್ಯಾಂಕ್ ಒಪ್ಕೊಂಡಿದೆ, ನೀನು ಟೆನ್ಷನ್ ಮಾಡ್ಕೋಬೇಡ" ಎನ್ನುತ್ತಿದ್ದ.

ಅವಳು ವಾಪಸ್ಸಾಗಿ ಐದೂವರೆ ತಿಂಗಳಿಗೆ ವರಮಹಾಲಕ್ಷ್ಮಿ ಹಬ್ಬ ಬಂತು. ನಾನೂ ಕೈಜೋಡಿಸಲು ಹೋಗಿದ್ದೆ. ದೇವರ ಮನೆ ಒರೆಸುವಾಗ ಪೀಠದ ಕೆಳಗೆ ಆ ಲಕೋಟೆ ಸಿಕ್ಕಿತು. ಅನುಮಾನ ಬಂದು, ಈ ಹಬ್ಬಕ್ಕಷ್ಟೇ ತೆಗೆಯುವ ಒಡವೆ ಪೆಟ್ಟಿಗೆ ನೋಡಿದರೆ ಬಳೆಗಳಿಲ್ಲ. ಅವಳು ಪ್ರಸನ್ನನನ್ನು ಅಲ್ಲಿಗೇ ಕರೆದಳು; ಕಂತಿಗೆ ಮಾರಿದೆ ಎಂದು ಅವನೇ ಒಪ್ಪಿಕೊಂಡ.

"ಯಾಕಪ್ಪ ಕಳಿಸ್ಲಿಲ್ಲ?" ಎಂದು ನಾನೇ ಕೇಳಿದೆ.

"ಕಂತು ಕಟ್ಟೋಕಾಗ್ತಿಲ್ಲ ಅಂತ ಬ್ಯಾಂಕ್‌ನೋರ ಮುಂದೆ ಕೈ ಚಾಚ್ಲಾ ಆಂಟಿ? ಮರ್ಯಾದೆ ಏನಾಗ್ಬೇಕು?"

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ಬಳೆ ಕದ್ದು ಮಾರುವಾಗ ಇವನ ಮರ್ಯಾದೆ ಎಲ್ಲಿಗೆ ಹೋಗಿತ್ತು? ಅವಳು ಮನೆ ಬಿಟ್ಟು ಹೋಗಿ ದುಡಿದು ಪಡೆದ ಹಕ್ಕು ಅದು, ಯಾರ ಭಿಕ್ಷೆಯೂ ಅಲ್ಲ. ಇದನ್ನೆಲ್ಲ ಅವನ ಮುಖಕ್ಕೇ ಹೇಳಿದೆ, ಹಬ್ಬದ ದಿನ ಅಂತಲೂ ನೋಡಲಿಲ್ಲ.

ಸೇವೆ ಮುಗಿದ ನೂರ ಎಂಬತ್ತು ದಿನದೊಳಗೆ ಕೇಳಿದರೂ ಆಗುತ್ತದೆ; ಹನ್ನೆರಡು ದಿನ ಉಳಿದಿತ್ತು. ಸೋಮವಾರವೇ ನಾನೂ ಲತಾನೂ ಪಕ್ಕದ ನೋವೈ ಊರಿನ ಬ್ಯಾಂಕಿಗೆ ಡ್ರೈವ್ ಮಾಡಿದೆವು. ಬ್ಯಾಂಕಿನಾಕೆ ಕುಂಕುಮದ ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು, ಸೇವೆ ಮುಗಿದಿದೆಯಲ್ಲ, ತಡವಾಯಿತು ಎಂದಳು. ಅವಳಿಗೇ ಕಾನೂನು ಗೊತ್ತಿಲ್ಲ. ಲತಾ ಕಾನೂನಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ಮ್ಯಾನೇಜರ್ ಬಂದು ಓದಿ ರಸೀದಿ ಕೊಡುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಆರು ವಾರಕ್ಕೆ ಹೆಚ್ಚುವರಿ ಬಡ್ಡಿ ಪೂರ್ತಿ ವಾಪಸ್ ಬಂತು. ಪ್ರಸನ್ನ ಬ್ಯಾಂಕಿನ ಪತ್ರ ಹಿಡಿದು ನನ್ನೆದುರೇ ಬೀಗಿದ: "ನೋಡಿದ್ಯಾ ಲತಾ, ಒಂದು ಡಾಲರೂ ಹೋಗ್ಲಿಲ್ಲ."

"ಅಮ್ಮನ ಬಳೆ ಯಾವ ಅಂಗಡೀಲಿ ಮಾರ್ದೆ ಹೇಳು. ಈ ದುಡ್ಡು ತಗೊಂಡು ಹೋಗಿ ವಾಪಸ್ ಕೊಂಡ್ಕೊಂಡು ಬರ್ತೀನಿ."

ಅವನು ಪತ್ರ ಮಡಿಸಿದ, ಮತ್ತೆ ಬಿಡಿಸಿದ.

"ಅವತ್ತೇ ಕರಗಿಸ್ಬಿಟ್ರು ಲತಾ. ನನ್ನ ಕಣ್ಣೆದುರೇ."