ಫೋನ್ ಎತ್ತುತ್ತಿದ್ದ ಅಕ್ಕ

ನಮ್ಮ ಕಡೆ ಫೋನಿನಲ್ಲಿ ಯಾರೂ ತಮ್ಮ ಹೆಸರು ಹೇಳುವುದಿಲ್ಲ. ‘ಯಾರ್ರೀ?’ ಎಂದರೆ ‘ನಾನ್ರೀ’ ಎನ್ನುತ್ತಾರೆ. ಆ ‘ನಾನು’ ಯಾರು ಎಂಬುದು ಕೇಳುವವರಿಗೆ ಗೊತ್ತಿರಲೇಬೇಕು. ಗೊತ್ತಾಗಲಿಲ್ಲ ಎಂದಿರೋ, ಮುಗಿಯಿತು. ‘ಏನ್ರೀ, ನಮ್ಮನ್ನ ಮರತ ಬಿಟ್ರ್ಯಾ?’ ಎಂದು ಮುನಿಸಿಕೊಳ್ಳುತ್ತಾರೆ. ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ನನಗೆ ಇಷ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಒಂದು ತಪ್ಪು ಮಾಡಿದೆ.

ನಾನು ಹಾನಗಲ್ಲಿನವನು. ಮನೆಗಳಿಗೆ ಹೋಗಿ ನೀರಿನ ಮೋಟರು, ಗೀಸರು, ವಾಷಿಂಗ್ ಮಷಿನ್ ರಿಪೇರಿ ಮಾಡುವುದು ನನ್ನ ಕೆಲಸ. ಊರಿನವರಲ್ಲದೆ ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯೂ ಗಿರಾಕಿಗಳಿದ್ದಾರೆ. ಹಗಲೆಲ್ಲ ಬೈಕಿನ ಮೇಲೆ, ಇಲ್ಲವೇ ಯಾರದೋ ಮನೆಯ ಹಿತ್ತಲಿನಲ್ಲಿ ಕೈಗೆಲ್ಲ ಗ್ರೀಸು ಬಳಿದುಕೊಂಡು ಕುಳಿತಿರುತ್ತೇನೆ. ಹೆಂಡತಿ ಅಂಗನವಾಡಿಗೆ ಹೋಗುತ್ತಾಳೆ. ಹೀಗಾಗಿ ಗಿರಾಕಿಗಳ ಫೋನು ಮನೆಯಲ್ಲಿರುತ್ತಿತ್ತು. ಅದನ್ನು ಎತ್ತುತ್ತಿದ್ದವಳು ನನ್ನ ಅಕ್ಕ.

ಭಾವ ತೀರಿಕೊಂಡ ಮೇಲೆ ಅಕ್ಕನನ್ನು ನಾನೇ ಮನೆಗೆ ಕರೆತಂದಿದ್ದೆ. ಅವಳಿಗೆ ಮಕ್ಕಳಿಲ್ಲ. ಬಂದ ವಾರದಲ್ಲೇ ಗೊಣಗಲು ಶುರು ಮಾಡಿದಳು. ‘ತಮ್ಮನ ಮನ್ಯಾಗ ಸುಮ್ಮನ ಕುಂತು ಉಣ್ಣಾಕ ನಾ ಏನ ಬೀಗತೀನ? ಏನರ ಕೆಲಸ ಕೊಡು.’ ಏನು ಕೊಡಲಿ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಫೋನು ರಿಂಗಾಯಿತು, ಅವಳು ಎತ್ತಿದಳು. ಅವತ್ತಿನಿಂದ ಹತ್ತು ವರ್ಷ ಆ ಫೋನು ಅವಳದೇ ಆಯಿತು.

ಅವಳು ಮಾತಾಡುವುದನ್ನು ನೀವು ಕೇಳಬೇಕಿತ್ತು. ಆ ಕಡೆಯಿಂದ ‘ನಾನ್ರೀ ಅಕ್ಕಾರ’ ಎಂದರೆ ಸಾಕು, ‘ಹಾಂ, ಹೇಳ್ರಿ! ಮೊಮ್ಮಗಗ ಜ್ವರ ಇಳದಾವೇನ್ರಿ?’ ಎಂದು ಕೇಳುತ್ತಿದ್ದಳು. ದನಿಯ ಮೇಲೆ ಮನೆ ಹೇಳುತ್ತಿದ್ದಳು, ಮನೆಯ ಮೇಲೆ ಮೋಟರು ಹೇಳುತ್ತಿದ್ದಳು. ‘ತಮ್ಮಾ, ಸವಣೂರಾಗ ಆ ಮೂಲಿಮನಿಯವರದು ಬಂದೈತಿ. ಮುಂಜಾನಿ ಹೋಗಬ್ಯಾಡ, ಅತ್ತಿ-ಸೊಸಿ ಇಬ್ಬರೂ ಹೊಲಕ್ಕ ಹೋಗಿರ್ತಾರ. ಮೂರರ ಮ್ಯಾಲೆ ಹೋಗು.’ ಸ್ಕ್ರೂಡ್ರೈವರ್ ಹಿಡಿಯಲು ಬಾರದಿದ್ದರೂ ಅರ್ಧ ರಿಪೇರಿ ಫೋನಿನಲ್ಲೇ ಮಾಡಿಬಿಡುತ್ತಿದ್ದಳು. ‘ಮೊದಲ ಆ ಪ್ಲಗ್ ಕಿತ್ತು ಮತ್ತ ಹಾಕ್ರಿ. ಹತ್ತಿತೇನು? ಹತ್ತಿತಲ್ಲಾ! ಅಷ್ಟಕ್ಕ ಅವನ್ಯಾಕ ಬರಬೇಕ್ರಿ?’ ನಾನು ‘ಹಿಂಗಾದ್ರ ನಮ್ಮ ಹೊಟ್ಟಿ ತುಂಬಿದಂಗ’ ಎಂದು ರೇಗುತ್ತಿದ್ದೆ. ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಆದರೆ ಅವಳ ಮಾತು ಉದ್ದ, ಅದೂ ನಿಜವೇ. ಒಬ್ಬರ ಜೊತೆ ಜ್ವರ, ಮಳೆ, ಮದುವೆ ಎಲ್ಲ ಮುಗಿಸುವ ಹೊತ್ತಿಗೆ ಬೇರೆ ನಾಲ್ವರು ಕರೆ ಮಾಡಿ, ಸಿಗದೆ ಬಿಟ್ಟಿರುತ್ತಿದ್ದರು. ಶಿಗ್ಗಾಂವದ ಹೈವೇ ಮಗ್ಗುಲಿಗೆ ಹೊಸ ಬಡಾವಣೆಗಳು ಎದ್ದಿದ್ದವು. ಅಲ್ಲಿಯವರಿಗೆ ನಮ್ಮ ಪರಿಚಯವಿಲ್ಲ, ತಾಳ್ಮೆಯೂ ಇಲ್ಲ. ಒಂದು ಸಲ ಎಂಗೇಜ್ ಬಂದರೆ ಬೇರೆಯವರನ್ನು ಕರೆಯುತ್ತಾರೆ. ಅಂಥ ಹೊತ್ತಿನಲ್ಲೇ ಹುಬ್ಬಳ್ಳಿಯಿಂದ ಇಸ್ತ್ರಿ ಅಂಗಿ ತೊಟ್ಟ ಒಬ್ಬ ಮಾರಾಟದವನು ಬಂದ. ತಾನಾಗಿಯೇ ಫೋನ್ ಎತ್ತಿ, ಕನ್ನಡದಲ್ಲಿ ಮಾತಾಡಿ, ಹೆಸರು-ವಿಳಾಸ-ತೊಂದರೆ ಮೂರನ್ನೂ ಕೇಳಿ ನನ್ನ ಮೊಬೈಲಿಗೆ ಬರೆದು ಕಳಿಸುವ ಯಂತ್ರ ಇದೆ ಎಂದ. ‘ಒಂದ ಕಾಲ್ ಸೈತ ಮಿಸ್ ಆಗೂದಿಲ್ಲ ನೋಡ್ರಿ’ ಎಂದ. ನಾನು ಹೂಂ ಎಂದೆ. ಅಕ್ಕನನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ನನ್ನಂಥ ಹುಂಬ ಇನ್ನೊಬ್ಬನಿಲ್ಲ.

ಸಂಜೆ ಅವಳಿಗೆ ಹೇಳಿದ್ದು ಹೀಗೆ: ‘ಅಕ್ಕಾ, ಇನ್ನ ನಿನಗ ಫೋನಿನ ಕಾಟ ಇಲ್ಲ. ಆರಾಮ ಇರು.’ ದೊಡ್ಡ ಉಡುಗೊರೆ ಕೊಟ್ಟವನ ಹಾಗೆ ಹೇಳಿದೆ.

‘ಕಾಟ ಅಂತ ನಾ ಯಾವಾಗ ಅಂದಿದ್ನೆಪಾ?’ ಎಂದಳು. ನಾನು ಅಷ್ಟರಲ್ಲಿ ಸ್ನಾನಕ್ಕೆ ಎದ್ದಿದ್ದೆ.

ಮೊದಲ ಕೆಲವು ದಿನ ಫೋನು ರಿಂಗಾದಾಗಲೆಲ್ಲ ಅಕ್ಕ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಓಡಿ ಬರುತ್ತಿದ್ದಳಂತೆ. ಎರಡನೆಯ ರಿಂಗಿಗೇ ಆ ಯಂತ್ರದ ಹೆಣ್ಣುದನಿ ಎತ್ತಿಬಿಡುತ್ತಿತ್ತು. ಇದನ್ನು ನನಗೆ ಹೇಳಿದವಳು ಹೆಂಡತಿ. ‘ಅಕ್ಕಾರು ಉಣ್ಣೂದು ಕಡಿಮಿ ಮಾಡ್ಯಾರ, ಮಾತಾಡ್ಸರಿ’ ಎಂದೂ ಹೇಳಿದಳು. ನಾಳೆ ಮಾತಾಡಿಸಿದರಾಯಿತು ಎಂದುಕೊಂಡೆ. ತಿಂಗಳೊಪ್ಪತ್ತಿನಲ್ಲಿ ಅಕ್ಕ ಚೀಲ ಕಟ್ಟಿದಳು. ರಟ್ಟೀಹಳ್ಳಿಯಲ್ಲಿ ಅವಳ ನಾದಿನಿ ಖಾನಾವಳಿ ಇಟ್ಟಿದ್ದಾಳೆ. ರೊಟ್ಟಿ ಬಡಿಯುವವರು ಬೇಕಾಗಿದ್ದರು. ‘ನಾಕ ದಿನ ಇದ್ದು ಬರ್ತೇನಿ’ ಎಂದಳು. ನಾನೇ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ‘ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಉಣ್ಣು’ ಎಂದಳು. ನಾಲ್ಕು ದಿನ ನಾಲ್ಕು ತಿಂಗಳಾಯಿತು, ಅವಳು ಬರಲಿಲ್ಲ.

ಯಂತ್ರದಿಂದ ಲಾಭವಾಯಿತೇ ಎಂದು ಈ ಕಸುಬಿನ ಬೇರೆಯವರು ಈಗಲೂ ಕೇಳುತ್ತಾರೆ. ಆಯಿತು ಎಂದೇ ಹೇಳಬೇಕು. ಬಡಾವಣೆಯವರು ಹೆಸರು, ಮನೆ ನಂಬರು, ಅಡ್ಡರಸ್ತೆ ಎಲ್ಲ ಶಾಲೆಯ ಮಕ್ಕಳ ಹಾಗೆ ಒಪ್ಪಿಸುತ್ತಿದ್ದರು. ಕೆಲಸ ಹೆಚ್ಚಾಯಿತು. ಹಳೆಯವರ ಕರೆಗಳದೇ ಬೇರೆ ಕಥೆ. ಒಂದು ದಿನ ಕುಳಿತು ರೆಕಾರ್ಡಾದ ದನಿಗಳನ್ನು ಕೇಳಿದೆ. ‘ನಾನ್ರೀ. ಅದ ಮತ್ತ ನಿಂತೈತ್ರಿ.’ ಮುಗಿಯಿತು, ಅಷ್ಟೇ. ಯಂತ್ರ ‘ದಯವಿಟ್ಟು ಮನೆಯ ಯಜಮಾನರ ಹೆಸರು ಹೇಳಿ’ ಎಂದಾಗ ಬಂಕಾಪುರ ಕಡೆಯ ಒಬ್ಬ ಹೆಣ್ಣುಮಗಳು, ‘ಅಯ್ಯ, ಅವರ ಹೆಸರು ನಾ ಹೆಂಗ ಹೇಳ್ಲೆವ್ವಾ! ತಡಿ, ಹುಡುಗ ಸಾಲಿಯಿಂದ ಬರ್ಲಿ’ ಎಂದು ಇಟ್ಟುಬಿಟ್ಟಿದ್ದಳು. ನಗು ಬಂತು. ಆಮೇಲೆ ಒಂದಾದ ಮೇಲೊಂದು ಕೇಳುತ್ತ ಹೋದೆ. ‘ಅಕ್ಕಾರು ಇಲ್ಲೇನ್ರಿ?’ ‘ಅಕ್ಕಾರಿಗೆ ಆರಾಮಿಲ್ಲೇನ್ರಿ?’ ‘ಅಕ್ಕಾರು ಎಲ್ಲಿ ಹೋಗ್ಯಾರ?’ ನಗು ಹೊರಟುಹೋಯಿತು.

ಹಿರೇಕೆರೂರಿನ ಒಬ್ಬ ನಿವೃತ್ತ ಮಾಸ್ತರರು ನಮ್ಮ ಮೊದಲ ಗಿರಾಕಿಗಳಲ್ಲಿ ಒಬ್ಬರು. ಅವರ ಬಸುರಿ ಮಗಳ ಕುಬಸದ ಕಾರ್ಯ ಮನೆಯಲ್ಲೇ ಇತ್ತು. ಮೂರು ದಿನ ಮುಂಚೆ ಬೋರಿನ ಮೋಟರು ಕೈಕೊಟ್ಟಿತು. ಮಾಸ್ತರರು ಫೋನ್ ಮಾಡಿ ‘ನಾನು. ಮೋಟರ್ ನಿಂತೈತಿ, ಲಗೂನ ಬಾ’ ಎಂದು ನಿಶ್ಚಿಂತರಾದರು. ಬೇರೆಯವರನ್ನು ಕರೆಯಲಿಲ್ಲ, ಹೇಳಿದ್ದೇನಲ್ಲ, ಬರುತ್ತಾನೆ ಎಂಬ ಭರವಸೆ. ನನ್ನ ಮೊಬೈಲಿಗೆ ಬಂದದ್ದು ‘ಹೆಸರಿಲ್ಲ, ವಿಳಾಸವಿಲ್ಲ’ ಎಂಬ ಒಂದು ಸಾಲು. ಅಂಥ ಕರೆಗಳ ನಂಬರಿಗೆ ತಿರುಗಿ ಫೋನ್ ಮಾಡುವುದನ್ನೇ ನಾನು ಬಿಟ್ಟಿದ್ದೆ. ಕಾರ್ಯದ ದಿನ ಬೀಗರ ಮುಂದೆ ಅವರು ಕೊಡ ಹಿಡಿದು ಓಣಿಯವರ ಬಾಗಿಲಿಗೆ ನೀರಿಗೆ ಹೋದರು. ಮರುದಿನ ಸುದ್ದಿ ತಿಳಿದು ಓಡಿದೆ. ಅವರು ಬಯ್ಯಲಿಲ್ಲ, ಕುಂದ್ರು ಎಂದೂ ಹೇಳಲಿಲ್ಲ. ನಾನು ಮೋಟರು ಸರಿ ಮಾಡುವ ತನಕ ಪಕ್ಕದಲ್ಲೇ ನಿಂತಿದ್ದು, ಕೊನೆಗೆ, ‘ನಿಮ್ಮ ಅಕ್ಕಾರು ಇದ್ದಿದ್ರ ಹಿಂಗ ಆಗ್ತಿರಲಿಲ್ಲ’ ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಲ್ಲಿಂದ ರಟ್ಟೀಹಳ್ಳಿ ದೂರವೇನಲ್ಲ. ಬೈಕನ್ನು ಸೀದಾ ಅಲ್ಲಿಗೇ ಬಿಟ್ಟೆ. ಖಾನಾವಳಿಯ ಹಿಂದೆ ಒಲೆಯ ಮುಂದೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಸೊರಗಿದ್ದಳು. ಕಂಡ ಕೂಡಲೇ ‘ಊಟ ಆಗೈತೇನೋ?’ ಎಂದಳು. ನಾನು ಮಾಸ್ತರರ ಮನೆಯ ಕಥೆಯನ್ನೆಲ್ಲ ಹೇಳಿದೆ. ಅವಳು ಕೈ ನಿಲ್ಲಿಸಿ ‘ಅಯ್ಯೋ ಶಿವನ, ಕುಬಸದ ಮನ್ಯಾಗ!’ ಎಂದು ಮರುಗಿದಳು. ಆಗ ದಾರಿಯಲ್ಲಿ ಹಾಕಿಕೊಂಡು ಬಂದಿದ್ದ ಹಂಚಿಕೆಯನ್ನು ಮುಂದಿಟ್ಟೆ.

‘ಮನಿಗೆ ನಡಿ ಅಕ್ಕಾ. ಹೊಸಾ ಮಂದೀದೆಲ್ಲ ಆ ಮಷಿನ್ ನೋಡಿಕೊಳ್ಳಲಿ. ಹಳೇ ಗಿರಾಕಿ ಫೋನಷ್ಟ ನಿನಗ ಬರೂ ಹಂಗ ಮಾಡ್ತೇನಿ. ನಿನಗೂ ತ್ರಾಸಿಲ್ಲ.’

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ‘ಹಳೇ ಮಂದಿ ಇನ್ನೆಷ್ಟ ದಿನ ಇರ್ತಾರೋ ತಮ್ಮಾ?’ ಎಂದಳು. ‘ಅವರೆಲ್ಲ ಹೋದ ಮ್ಯಾಲೆ ನನ್ನ ಮತ್ತ ಬಸ್ ಹತ್ತಸ್ತೀಯೇನು?’

ಸಿಟ್ಟಿನಿಂದ ಕೇಳಿದ್ದರೆ ನಾನೂ ಎಗರಾಡುತ್ತಿದ್ದೆನೇನೋ. ಅವಳು ಪೇಟೆಯಲ್ಲಿ ಕಾಯಿಪಲ್ಲೆಯ ದರ ಕೇಳುವ ಹಾಗೆ ಕೇಳಿದಳು. ಅವಳು ಕೊಟ್ಟ ರೊಟ್ಟಿ-ಎಣಗಾಯಿ ಉಂಡು, ಒಬ್ಬನೇ ಹಾನಗಲ್ಲಿಗೆ ಬಂದೆ.

ಹೆಂಡತಿ ಎಲ್ಲ ಕೇಳಿಸಿಕೊಂಡು ಹಣೆ ಬಡಿದುಕೊಂಡಳು. ‘ನೀವು ಅಕ್ಕಾರನ್ನ ಕರಿಯಾಕ ಹೋಗಿದ್ರ್ಯೋ, ಆಳ ಹುಡುಕಾಕ ಹೋಗಿದ್ರ್ಯೋ? ನೀ ಇಲ್ಲದ ಮನಿ ಭಣಗುಡತೈತಿ ಅಂತ ಒಂದ ಮಾತು ಬಾಯಾಗ ಬರಲಿಲ್ಲೇನು?’

ಬಂದಿರಲಿಲ್ಲ. ಆದರೆ ಅದು ಸುಳ್ಳಾಗಿರಲಿಲ್ಲ. ಅಕ್ಕ ಹೋದಾಗಿನಿಂದ ಮನೆಗೆ ಬಂದರೆ ‘ಇವತ್ತ ಯಾವ ಊರ ಮುಗಿಸಿದಿ?’ ಎಂದು ಕೇಳುವವರಿರಲಿಲ್ಲ. ಮಧ್ಯಾಹ್ನ ಯಾರದೋ ಹಿತ್ತಲಿನಲ್ಲಿ ಬುತ್ತಿ ಬಿಚ್ಚಿದರೆ ಅರ್ಧ ಉಂಡು ಕಟ್ಟಿಬಿಡುತ್ತಿದ್ದೆ. ಅವಳ ಮೇಲಿನ ಪ್ರೀತಿ ನನಗೆ ಕಡಿಮೆ ಇರಲಿಲ್ಲ. ಅದನ್ನು ಆಡಿ ತೋರಿಸುವ ನಾಲಗೆ ಇರಲಿಲ್ಲ, ಅಷ್ಟೇ.

ಮುಂದಿನ ಸೋಮವಾರವೇ ಯಂತ್ರವನ್ನು ತೆಗೆಸಿಹಾಕಿ ಮತ್ತೆ ರಟ್ಟೀಹಳ್ಳಿಗೆ ಹೋದೆ. ಫೋನಿನ ಸುದ್ದಿಯನ್ನೇ ಎತ್ತಲಿಲ್ಲ. ಒಲೆಯ ಮುಂದೆ ಅವಳ ಪಕ್ಕದಲ್ಲಿ ಕುಳಿತು, ‘ಅಕ್ಕಾ, ನೀ ಇಲ್ಲದ ಮನಿ ಭಣಗುಡತೈತಿ. ಬಾ’ ಎಂದೆ. ಹೇಳುವಾಗ ನನ್ನ ಕಣ್ಣು ತುಂಬಿತ್ತು.

ಅಕ್ಕ ಕಣ್ಣೆತ್ತಿ ನನ್ನ ಮುಖ ನೋಡಿದಳು. ದನಿಯಿಂದಲೇ ನಾಲ್ಕು ಊರಿನ ಮನೆಗಳ ಗುರುತು ಹಿಡಿಯುತ್ತಿದ್ದವಳು ಅವಳು. ‘ಇದನ್ನ ನಿನ್ನ ಹೇಂತಿ ಹೇಳಿ ಕಳಿಸ್ಯಾಳಲ್ಲಾ?’ ಎಂದಳು.

‘ಹೂಂ’ ಎಂದೆ. ಅವಳ ಮುಂದೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

‘ಆಕಿ ಚಲೋ ಹುಡುಗಿ. ಆಕೀನ್ನ ಚಂದಂಗ ನೋಡ್ಕೋ’ ಎಂದು ಅಕ್ಕ ನನ್ನ ಬೆನ್ನ ಮೇಲೆ ಕೈಯಾಡಿಸಿದಳು. ಹೊರಗೆ ಊಟಕ್ಕೆ ಕುಳಿತವರು ರೊಟ್ಟಿ ಕೇಳಿದರು. ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಆ ಸಲವೂ ನಾನು ಒಬ್ಬನೇ ಹಾನಗಲ್ಲಿಗೆ ಬಂದೆ.